ಷಡ್ಡಕನ ಏಣಿ

ನಾಳೆಯ ವಿಷಯಕ್ಕೆ ಬಂದರೆ ನನ್ನಷ್ಟು ತಾಳ್ಮೆಯ ಮನುಷ್ಯ ಕಡೂರು ತಾಲ್ಲೂಕಿನಲ್ಲೇ ಇಲ್ಲ. ನಾಳೆಯಿಂದ ಸಕ್ಕರೆ ಬಿಡುವವನು, ನಾಳೆಯಿಂದ ಬೇಗ ಏಳುವವನು ನಾನೇ. ತೊಂದರೆಯೆಲ್ಲ ಇವತ್ತಿನದು. ನಮ್ಮ ಅಟ್ಟದ ಮೇಲಿನ ತೆಂಗಿನಕಾಯಿಯನ್ನೇ ನೋಡಿ. ವರ್ಷದ ಹತ್ತಿರ ಸುಮ್ಮನೆ ಬಿಟ್ಟರೆ ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ, ಒಳ್ಳೆ ಬೆಲೆಗೂ ಹೋಗುತ್ತದೆ. ಯುಗಾದಿಗೆ ಕಾಯಿ ಮಾರುತ್ತೀಯೋ, ದೀಪಾವಳಿಗೆ ಕೊಬ್ಬರಿ ಮಾರುತ್ತೀಯೋ ಎಂದು ಸಂಕ್ರಾಂತಿಯಲ್ಲಿ ಕೇಳಿದರೆ ಎದೆ ತಟ್ಟಿ ಕೊಬ್ಬರಿ ಎನ್ನುತ್ತೇನೆ. ಯುಗಾದಿ ಬಂದು, ಬೀರೂರಿನ ಕಾಯಿ ವ್ಯಾಪಾರಿ ನಮ್ಮ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ ಎನ್ನಿ, ನಾನು ಆಗಲೇ ಏಣಿ ಹತ್ತಿರುತ್ತೇನೆ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಪಂಚನಹಳ್ಳಿಯ ನನ್ನ ಷಡ್ಡಕ ಮಲ್ಲೇಶನನ್ನು. ಅವನ ಅಟ್ಟದ ಕಾಯಿ ಕೊಬ್ಬರಿಯಾಗದೆ ಎಂದೂ ಕೆಳಗಿಳಿದದ್ದಿಲ್ಲ. ಈ ಯುಗಾದಿಗೆ ಅವನ ಮನೆಗೆ ಊಟಕ್ಕೆ ಹೋದರೆ, ನಾದಿನಿಯ ಕಿವಿಯಲ್ಲಿ ಹೊಸ ಜುಮುಕಿ! ನನ್ನ ಹೆಂಡತಿ ಶಾಂತಳ ಕಿವಿಯಲ್ಲಿ ಇನ್ನೂ ಮದುವೆಯ ಓಲೆಯೇ. “ಚೆನ್ನಾಗೈತೆ ಕಣೇ” ಎಂದು ತಂಗಿಗೆ ಹೇಳಿ, ನನ್ನ ಕಡೆ ಒಮ್ಮೆ ನೋಡಿದಳು. ಹೊಟ್ಟೆಕಿಚ್ಚಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಇನ್ನೊಂದು ಹಾಕಿಸಿಕೊಂಡೆ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ, “ಅಲ್ಲ ಕಣೋ ಮಲ್ಲೇಶ, ನಿಂಗೆ ಈ ತಾಳ್ಮೆ ಎಲ್ಲಿಂದ ಬಂತೋ?”

“ತಾಳ್ಮೆ ಎಲ್ಲಿ ಬಂತಣ್ಣಾ! ವ್ಯಾಪಾರಿ ಬಂದ್ರೆ ನಂಗೂ ಮನ್ಸು ತಡಿಯಲ್ಲ. ಅದ್ಕೇ ಅಟ್ಟ ತುಂಬಿಸಿದ್ ಕೂಡ್ಲೆ ಏಣಿ ತಂದು ನಿಮ್ಮನೆ ಹಿತ್ಲಲ್ಲಿ ಇಟ್ ಬತ್ತೀನಲ್ಲ. ಆಸೆ ಬಂದ್ರೂ ಹತ್ತೋಕಾಗಲ್ಲ ನೋಡಿ.”

ನಾನೋ, ವರ್ಷವರ್ಷವೂ ಲಗೇಜ್ ಆಟೋದಲ್ಲಿ ಬರುವ ಆ ಬಿದಿರೇಣಿಯನ್ನು, ನಮ್ಮ ಏಣಿ ಗೆದ್ದಲು ಹಿಡಿದು ಹೋದದ್ದಕ್ಕೆ ಅವನು ಮಾಡುತ್ತಿರುವ ಉಪಕಾರ ಎಂದುಕೊಂಡಿದ್ದೆ. ಅವನ ಕಾಯಿಯನ್ನು ಅಟ್ಟದ ಮೇಲೆ ಉಳಿಸಿದ ಏಣಿಯೇ ನನ್ನ ಕಾಯಿಯನ್ನು ಕೆಳಗಿಳಿಸುತ್ತಿತ್ತು.

ಕಡೂರಿನ ಬಸ್ಸಿನಲ್ಲಿ ಕೂತವನೇ ಹೆಂಡತಿಗೆ ಹೇಳಿದೆ, “ಆ ಏಣೀನ ಅವನ ಮನೆಗೇ ವಾಪಸ್ ಹಾಕ್ಬಿಡ್ತೀನಿ ಕಣೇ. ನಮ್ದೂ ಕೊಬ್ರಿ ಆಗ್ಲಿ, ಅವ್ನೂ ಒಂದ್ ವರ್ಷ ಒದ್ದಾಡ್ಲಿ.”

“ಯಾವಾಗ?”

“ನಾಳೆ.”

ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಮನೆಗೆ ಬಂದರೆ ವ್ಯಾಪಾರಿ ಜಗುಲಿಯ ಮೇಲೆ ಕೂತಿದ್ದ. ಹೇಗಿದ್ದರೂ ನಾಳೆ ಏಣಿ ಹೋಗುವುದೇ, ಹೋಗುವ ಮುಂಚೆ ಇದೊಂದು ಸಲ ಎಂದುಕೊಂಡು ಅದನ್ನು ಅಟ್ಟಕ್ಕೆ ಆನಿಸಿದೆ. ಕೆಳಗೆ ಏಣಿ ಹಿಡಿದುಕೊಂಡ ಶಾಂತ ಹೇಳಿದಳು, “ಮೆಲ್ಲಗೆ ಹತ್ರೀ. ಏಣಿ ಮುರಿದ್ರೆ ನನ್ ತಂಗಿ ಮುಂದಿನ್ ವರ್ಷ ಬಳೆ ಮಾಡಿಸ್ಕೊಳೋದ್ ಹೆಂಗೆ?”

ಮೆಲ್ಲಗೇ ಹತ್ತಿದೆ.