ಧರ್ಮದ ಪಿರಿಯಡ್ ಉಳಿದ ಬಗೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಪ್ರಸಂಗ ಹೇಳಲು ಬರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಇವನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಆದರೆ ನಾನು ಮುಗಿಸುವ ಮೊದಲೇ ನಗುತ್ತಾರೆ, ಹಾಗಾಗಿ ಕೊನೆಯನ್ನು ಹೇಗೆ ಹೇಳಬೇಕೆಂಬ ಅಭ್ಯಾಸ ನನಗಾಗಿಲ್ಲ. ಬರೆಯುವುದಂತೂ ಇದೇ ಮೊದಲು. ಎಲ್ಲಾದರೂ ಅರ್ಥವಾಗದಿದ್ದರೆ ಅದು ನನ್ನ ತಪ್ಪು. ಅರ್ಥವಾದ ಮೇಲೂ ನಾನು ವಿವರಿಸುತ್ತಿದ್ದರೆ ಅದೂ ನನ್ನದೇ ತಪ್ಪು.

ವಿಷಯ ಇಷ್ಟು. ತಿಪಟೂರಿನಿಂದ ಹುಳಿಯಾರಿನ ಕಡೆ ಹೋಗುವ ದಾರಿಯಲ್ಲಿ, ತೋಟಗಳ ನಡುವೆ ಇರುವ ಒಂದು ಹೈಸ್ಕೂಲಿನಲ್ಲಿ ನಾನು 'ಧರ್ಮ ಮತ್ತು ನೀತಿ' ಎಂಬ ಪಾಠ ಮಾಡುತ್ತೇನೆ. ಇದು ಸರ್ಕಾರ ಹೇಳಿದ ಪಾಠವಲ್ಲ. ಮಕ್ಕಳಿಗೆ ಎಲ್ಲ ಧರ್ಮಗಳ ಒಳ್ಳೆಯ ಮಾತೂ ತಿಳಿಯಲಿ ಎಂದು ಶಾಲೆ ನಡೆಸುವ ಸಮಿತಿಯವರು ತಾವಾಗಿ ಇಟ್ಟದ್ದು. ಇದಕ್ಕೆ ಪರೀಕ್ಷೆ ಇಲ್ಲ, ಅಂಕವೂ ಇಲ್ಲ. ನನ್ನನ್ನು ಇದೊಂದಕ್ಕೇ ತಾತ್ಕಾಲಿಕವಾಗಿ ತೆಗೆದುಕೊಂಡಿದ್ದಾರೆ. ಅಂದರೆ ಪಿರಿಯಡ್ ಇದ್ದರೆ ನಾನಿದ್ದೇನೆ, ಪಿರಿಯಡ್ ಹೋದರೆ ನಾನೂ ಹೋದೆ. ಪರೀಕ್ಷೆಯಿಲ್ಲದ ಪಾಠ ಹೇಳುವವನಿಗೆ ಮುಂದೆ ಹೇಳುವಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ, ಒಂದು ವಾರವೂ ಬಿಡುವು ಕೊಟ್ಟಿಲ್ಲ.

೧. ಒಳ್ಳೆಯ ಕಾಯಿ

ಹತ್ತನೇ ತರಗತಿಗೆ ತ್ಯಾಗದ ಪಾಠ. ಕೊಡುವಾಗ ನಮ್ಮಲ್ಲಿರುವ ಒಳ್ಳೆಯದನ್ನೇ ಕೊಡಬೇಕು ಎಂದು ಹೇಳಿ, ಉದಾಹರಣೆಗೆಂದು ಕೇಳಿದೆ. "ನಿಮ್ಮ ಮನೇಲಿ ದೇವರಿಗೆ ಎಂಥ ಕಾಯಿ ಒಡೀತೀರಿ?"

"ಸಣ್ ಕಾಯಿ ಸಾ," ಎಂದಿತು ಇಡೀ ತರಗತಿ.

ಇದನ್ನು ವಿವರಿಸಬೇಕು. ನಮ್ಮ ಕಡೆ ದಪ್ಪ ಕಾಯಿಗಳನ್ನು ಅಟ್ಟಕ್ಕೆ ಹಾಕುತ್ತಾರೆ. ಅಲ್ಲಿ ತಿಂಗಳುಗಟ್ಟಲೆ ಇದ್ದು, ಒಳಗಿನ ನೀರೆಲ್ಲ ಇಂಗಿ, ಅವು ಉಂಡೆ ಕೊಬ್ಬರಿಯಾಗುತ್ತವೆ. ಮನೆ ನಡೆಯುವುದು ಆ ಕೊಬ್ಬರಿಯಿಂದ. ಹಾಗಾಗಿ ದೇವರ ಪಾಲಿಗೆ ಬರುವುದು ಅಟ್ಟಕ್ಕೆ ಲಾಯಕ್ಕಿಲ್ಲದ್ದು.

"ದೇವರು ಬೇಜಾರು ಮಾಡ್ಕೊಳಲ್ವಾ?"

"ದೇವ್ರು ಅಟ್ಟ ಹತ್ತಿ ನೋಡಕಿಲ್ಲ ಸಾ," ಎಂದಳು ಮುಂದಿನ ಬೆಂಚಿನ ಹುಡುಗಿ. ಯಾವುದಕ್ಕೂ ಉತ್ತರವಿಲ್ಲ ಎಂದು ಅವಳು ಕೂತದ್ದನ್ನು ನಾನು ಕಂಡಿಲ್ಲ.

ನಾನು ಅವತ್ತು ಬಹಳ ಮನಸ್ಸಿಟ್ಟು ಮಾತಾಡಿದೆ. ಹಿಂದಿನ ಬೆಂಚಿನವನೊಬ್ಬ ಕಣ್ಣೊರೆಸಿಕೊಂಡ. ಪಾಠ ನಾಟಿತು ಎಂದು ನನಗೆ ಸಮಾಧಾನವಾಯಿತು. ಸೋಮವಾರ ಬೆಳಿಗ್ಗೆ ಅವನ ಅಪ್ಪ ಬೈಕಿನಲ್ಲಿ ಬಂದು ಗೇಟಿನ ಹತ್ತಿರ ನನ್ನನ್ನು ತಡೆದರು.

"ಮೇಷ್ಟ್ರೇ, ಏನ್ ಹೇಳ್ಕೊಟ್ರಿ ನಮ್ ಹೈದಂಗೆ? ನಿನ್ನೆ ಅಟ್ಟ ಹತ್ತಿ, ಇನ್ನೇನು ಕೊಬ್ಬರಿ ಆಗ್ಬೇಕಿದ್ ಕಾಯ್ನೆಲ್ಲ ಇಳಿಸ್ಕಂಡ್ ಹೋಗಿ ಗುಡಿ ತಾವ ಒಡ್ದವ್ನೆ."

"ಭಕ್ತಿ ಬಂದಿದೆಯಲ್ಲ ಯಜಮಾನ್ರೇ," ಎಂದೆ.

"ಭಕ್ತಿ ಬರ್ಲಿ ಕಣ್ರೀ, ಬ್ಯಾಡ ಅನ್ನಲ್ಲ. ನೆಲದ ಮೇಲಿನ್ ಇಚಾರ ಏನ್ ಬೇಕಾದ್ರೂ ಹೇಳ್ಕೊಡಿ. ಅಟ್ಟದ ತಂಟೆಗ್ ಮಾತ್ರ ಬರಬ್ಯಾಡಿ."

೨. ಇವತ್ತೊಂದಿನ

ನಮ್ಮ ಗಣಿತದ ಮೇಡಂ ಬಹಳ ಒಳ್ಳೆಯವರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನ ಮಾತಿನಿಂದ ಹಾಗನ್ನಿಸಲಿಕ್ಕಿಲ್ಲ. ಅವರಿಗೆ ಪಾಠ ಯಾವಾಗಲೂ ಮುಗಿದಿರುವುದಿಲ್ಲ. ನಾನು ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಅವರು ಒಳಗಿಂದಲೇ, "ಸಾರ್, ಇವತ್ತೊಂದಿನ," ಎನ್ನುತ್ತಾರೆ. ಅವರು ಹಾಗನ್ನದ ವಾರವಿಲ್ಲ.

ಒಮ್ಮೆ ಧೈರ್ಯ ಮಾಡಿ, "ನನ್ನ ಪಾಠವೂ ಹಿಂದೆ ಬಿದ್ದಿದೆ ಮೇಡಂ," ಎಂದೆ.

"ನಿಮ್ಮದೇನು ಸಾರ್, ಯಾವಾಗ ಬೇಕಾದ್ರೂ ಮಾಡಬಹುದು. ದೇವರು ಕಾಯ್ತಾನೆ. ಪಬ್ಲಿಕ್ ಪರೀಕ್ಷೆ ಕಾಯುತ್ತಾ?"

ದೇವರು ಕಾಯುವುದಿಲ್ಲ ಎಂದು ಧರ್ಮದ ಮೇಷ್ಟ್ರೇ ಹೇಳಿದರೆ ಚೆನ್ನಾಗಿರುತ್ತದೆಯೇ?

ಆಮೇಲೆ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. "ನಿಮ್ಮ ಪಿರಿಯಡ್ ಪೂರ್ತಿ ಗಣಿತಕ್ಕೇ ಕೊಡಿ ಅಂತ ಮೇಡಂ ಕೇಳಿದ್ದಾರೆ. ಸಮಿತಿಯ ಕಾರ್ಯದರ್ಶಿಗಳು ಮುಂದಿನ ವಾರ ಬಂದು ಮಕ್ಕಳನ್ನ ಕೇಳ್ತಾರಂತೆ. ಏನಾದ್ರೂ ಕಲಿತಿದ್ರೆ ಪಿರಿಯಡ್ ಇರುತ್ತೆ. ಇಲ್ಲ ಅಂದ್ರೆ..."

"ಇಲ್ಲ ಅಂದ್ರೆ ಸಾರ್?"

"ಯೋಚನೆ ಮಾಡಬೇಡಿ. ಬೀಳ್ಕೊಡುಗೆ ಸಮಾರಂಭ ನಮ್ಮ ಮೇಡಂ ಬಹಳ ಚೆನ್ನಾಗಿ ಮಾಡ್ತಾರೆ."

೩. ಧ್ಯಾನ

ಕಾರ್ಯದರ್ಶಿಗಳು ಬರುವ ಮೊದಲು ಮಕ್ಕಳಿಗೆ ಸ್ವಲ್ಪ ಏಕಾಗ್ರತೆ ಬರಲಿ ಎಂದು ಧ್ಯಾನ ಶುರು ಮಾಡಿಸಿದೆ. "ಕಣ್ಣು ಮುಚ್ಚಿ. ಹೊರಗಿನ ಯಾವ ಸದ್ದನ್ನೂ ಕಿವಿಗೆ ಹಾಕ್ಕೋಬೇಡಿ," ಎಂದೆ. ಎಲ್ಲರೂ ಮುಚ್ಚಿದರು. ನಿಜವಾಗಿಯೂ ಮೌನ.

ಆಗ ಪಕ್ಕದ ತೋಟದಲ್ಲಿ ಏನೋ ಬಿತ್ತು.

"ಕಾಯಿ," ಎಂದ ಒಬ್ಬ, ಮುಚ್ಚಿದ ಕಣ್ಣಿನಲ್ಲೇ.

"ಕಾಯಲ್ಲ ಕಣ್ಲಾ, ಗರಿ. ಕಾಯಾದ್ರೆ ದಪ್ ಅಂತದೆ."

"ಪಾತಿ ಒಳಗ್ ಬಿದ್ದೈತೆ ಕಣ್ಲಾ, ಅಲ್ಲಿ ಮಣ್ಣು ಮೆತ್ತಗೈತೆ. ಕಾಯೇ ಅದು."

"ಮೌನ," ಎಂದೆ. ಯಾರೂ ಕಣ್ಣು ತೆರೆಯಲಿಲ್ಲ, ಯಾರೂ ಬಾಯಿ ಮುಚ್ಚಲಿಲ್ಲ. ಇದು ತೀರ್ಮಾನವಾಗದೆ ಧ್ಯಾನ ಮುಂದುವರಿಯುವುದಿಲ್ಲ ಎಂದು ನಾನೇ ಹೋಗಿ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆ. ಅದೇ ಹೊತ್ತಿಗೆ ಹೆಡ್‌ಮಾಸ್ಟರು ವರಾಂಡದಲ್ಲಿ ಬಂದರು.

"ಮಕ್ಕಳು ಧ್ಯಾನ ಮಾಡ್ತಿದ್ದಾರೆ. ನೀವೇನ್ ಮಾಡ್ತಿದ್ದೀರಿ?"

ಸತ್ಯದ ಪಾಠವನ್ನೂ ನಾನೇ ಮಾಡುವವನಾದ್ದರಿಂದ ಸತ್ಯವನ್ನೇ ಹೇಳಿದೆ. "ಗರಿ ಸಾರ್."

ಹಿಂದಿನಿಂದ, ಬಹಳ ಶಾಂತವಾಗಿ, ಒಂದು ದನಿ: "ನಾನ್ ಹೇಳ್ನಿಲ್ವೇನ್ಲಾ."

೪. ಕಾರ್ಯದರ್ಶಿಗಳ ಪ್ರಶ್ನೆ

ಕಾರ್ಯದರ್ಶಿಗಳು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡವರು. ಅವರು ಬರುವ ದಿನಕ್ಕೆಂದು ಒಂದೇ ಒಂದು ಪ್ರಶ್ನೋತ್ತರವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಎಲ್ಲ ಧರ್ಮಗಳ ಸಾರವೇನು? ದಯೆ. ಬಿಸಿಯೂಟದ ಸಾಲಿನಲ್ಲಿ ನಿಂತಾಗಲೂ ಹೇಳಿಸಿದ್ದೆ. ಅನ್ನಕ್ಕೆ ತಟ್ಟೆ ಒಡ್ಡುತ್ತಾ "ದಯೆ, ದಯೆ" ಎನ್ನುವುದನ್ನು ಕೇಳಿ ಅಡುಗೆಯಮ್ಮ ಗಾಬರಿಯಾಗಿ ಎಲ್ಲರಿಗೂ ಒಂದೊಂದು ಸೌಟು ಜಾಸ್ತಿ ಬಡಿಸಿದ್ದರು.

ಕಾರ್ಯದರ್ಶಿಗಳು ಬಂದರು, ಕುರ್ಚಿಯಲ್ಲಿ ಕೂತರು. ಹೆಡ್‌ಮಾಸ್ಟರು ಪಕ್ಕದಲ್ಲಿ ನಿಂತರು. ಮುಂದಿನ ಪಿರಿಯಡ್ ಗಣಿತವಾದ್ದರಿಂದ ಮೇಡಂ ಆಗಲೇ ಸೀಮೆಸುಣ್ಣ ಹಿಡಿದು ಬಾಗಿಲಲ್ಲಿದ್ದರು.

"ಎಲ್ಲಾ ಧರ್ಮದೋರೂ ಒಪ್ಪೋ ಅಂಥದ್ದು ಒಂದು ಹೇಳ್ರಪ್ಪಾ ನೋಡಾನ," ಎಂದರು ಕಾರ್ಯದರ್ಶಿಗಳು.

ಮಕ್ಕಳೆಲ್ಲ ನನ್ನ ಮುಖ ನೋಡಿದರು. 'ಸಾರ' ಎನ್ನುವ ಮಾತು ಬಂದರೆ 'ದಯೆ' ಎನ್ನಬೇಕೆಂದು ಕಲಿಸಿದ್ದೆ. ಆ ಮಾತು ಬರಲಿಲ್ಲ. ನಾನು ಮೇಡಂ ಹಿಂದೆ ನಿಂತು ಎದೆ ಮುಟ್ಟಿಕೊಂಡು ದಯೆಯನ್ನು ಅಭಿನಯಿಸಿದೆ. ಹೆಡ್‌ಮಾಸ್ಟರು ನನಗೆ ನೀರು ತರಿಸಿದರು.

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಕಾಯಿ ಸಾ."

"ಯಾವ ಕಾಯವ್ವಾ?"

"ತೆಂಗಿನ್ಕಾಯಿ ಸಾ. ನಾವು ದೇವಸ್ಥಾನದಾಗೆ ಒಡೀತೀವಿ. ದರ್ಗಾಕ್ಕೂ ಜನ ಕಾಯಿ ತಗಂಡ್ ಹೋಗ್ತಾರೆ. ಜೈನರು ಪೂಜೆಗೆ ಕೊಬ್ಬರಿ ಇಕ್ತಾರೆ. ಚರ್ಚಿನೋರು ಕ್ರಿಸ್‌ಮಸ್ಸಿಗೆ ಕೊಬ್ಬರಿ ಮಿಠಾಯಿ ಮಾಡ್ತಾರೆ. ಯಾರೂ ಬ್ಯಾಡ ಅನ್ನಲ್ಲ ಸಾ."

"ಬುದ್ಧ?" ಎಂದರು ಕಾರ್ಯದರ್ಶಿಗಳು. ಕುರ್ಚಿಯ ಅಂಚಿಗೆ ಬಂದಿದ್ದರು.

ಅವಳು ಅದಕ್ಕೂ ಸಿದ್ಧವಿದ್ದಳು. "ಬುದ್ಧ ಆಸೆ ಬ್ಯಾಡ ಅಂದವ್ರೆ ಸಾ. ಆದ್ರೆ ಶ್ರೀಲಂಕಾದಾಗೆ ಅವ್ರ ಮಂದಿನೂ ತೆಂಗೇ ಬೆಳೆಯೋದು."

ಕಾರ್ಯದರ್ಶಿಗಳು ಎದ್ದು ನಿಂತರು. "ಇದು ಪಾಠ ಕಣ್ರೀ. ಇಷ್ಟು ವರ್ಷ ಮಂಡಿಲಿ ಕೂತಿದ್ದೀನಿ, ನನಗೇ ಇದು ಹೊಳೀಲಿಲ್ಲ." ಮೇಡಂ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು. ಯಾವ ಹಬ್ಬಕ್ಕೆ ಯಾವ ಸೀಮೆಯವರು ಎಂಥ ಕೊಬ್ಬರಿ ಕೇಳುತ್ತಾರೆ, ಸಣ್ಣುಂಡೆ ಎಲ್ಲಿಗೆ, ದಪ್ಪುಂಡೆ ಎಲ್ಲಿಗೆ ಎಂದು ಬರೆದರು. ಗಂಟೆ ಹೊಡೆಯಿತು, ಅವರು ನಿಲ್ಲಿಸಲಿಲ್ಲ. ಗಣಿತದ ಪಿರಿಯಡ್ಡೂ ಅದಕ್ಕೇ ಹೋಯಿತು. ನಾನು ಅಹಿಂಸೆಯ ಬಗ್ಗೆ ಹೇಳುವಾಗ ಒಬ್ಬರೂ ಪೆನ್ನು ಎತ್ತದ ಮಕ್ಕಳು ಒಂದಕ್ಷರ ಬಿಡದೆ ಬರೆದುಕೊಂಡರು.

ಕೊನೆಗೆ ಕೈ ಒರೆಸಿಕೊಳ್ಳುತ್ತಾ, "ಈ ಪಿರಿಯಡ್ ತೆಗೀಬಾರದು," ಎಂದರು. ಹೆಡ್‌ಮಾಸ್ಟರು ನನ್ನ ಕೈ ಕುಲುಕಿದರು. ಮೇಡಂ ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಅಭಿನಂದನೆ ಎಂದರು. ನನ್ನ ಕೆಲಸ ಉಳಿದಿತ್ತು.

"ಇನ್ಮೇಲೆ ಶನಿವಾರ ಶನಿವಾರ ಈ ಪಾಠ ನಾನೇ ಮಾಡ್ತೀನಿ," ಎಂದರು ಕಾರ್ಯದರ್ಶಿಗಳು. ಆಮೇಲೆ ನನ್ನ ಕಡೆ ನೋಡಿ, "ಮೇಷ್ಟ್ರು ಇರ್ಲಿ ಬುಡಿ, ಪಾಪ. ಅವರೂ ಕಲೀಲಿ."

ಇವತ್ತು ಶನಿವಾರ. ಸ್ಟಾಫ್ ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನೀವು ತಪ್ಪು ತಿಳಿಯಬಾರದೆಂದು ಒಂದು ಮಾತು ವಿವರಿಸಿಬಿಡುತ್ತೇನೆ. ಆ ಹುಡುಗಿಯ ಉತ್ತರ ಪೂರ್ತಿ ತಪ್ಪಲ್ಲ, ಆದರೆ ನಾನು ಕಲಿಸಿದ್ದು ಅದಲ್ಲ. ಕಾಯಿ ಒಡೆಯುವುದು ಧರ್ಮವಲ್ಲ. ಒಡೆದ ಮೇಲೆ ಅದನ್ನು ಪಕ್ಕದವರಿಗೂ ಹಂಚುತ್ತೇವಲ್ಲ, ಅಲ್ಲಿ ಇರುವುದು ದಯೆ. ಅಂದರೆ ಹಂಚುವ ಹೊತ್ತಿನಲ್ಲಿ ನಮ್ಮ ಮನಸ್ಸು ಹೇಗಿರಬೇಕು ಎಂದರೆ, ಮೊದಲನೆಯದಾಗಿ—

ಅಟೆಂಡರ್ ಬಾಗಿಲಲ್ಲಿ ನಿಂತಿದ್ದಾನೆ.

"ಬಿರ್ರನೆ ಬನ್ನಿ ಸಾ. ಕಾರ್ಯದರ್ಶಿಗಳು ಹಾಜರಿ ಕೂಗ್ತಾವ್ರೆ. ನಿಮ್ ಹೆಸ್ರೂ ಕೂಗಾಯ್ತು."