ಘಾಟಿಲ್ಲದ ಕಾಯಿ, ಗಡೀಪಾರಾದ ಅಪ್ಪ

ಮಕ್ಕಳಿಗೆ ಹಲ್ಲು ಬರುವುದು ಪ್ರಕೃತಿಯ ನಿಯಮವೆಂದು ಲೋಕವೆಲ್ಲ ನಂಬಿದೆ. ಬ್ಯಾಡಗಿಯ ಶಶಿಕಾಂತನ ಮನೆಯಲ್ಲಿ ಮಾತ್ರ ಅದು ಶಶಿಕಾಂತನ ತಪ್ಪು. ಮಗು ಉಂಡದ್ದನ್ನು ಕಕ್ಕಿದರೆ ಅವನ ತಪ್ಪು. ಉಣ್ಣದೆ ಮುಖ ತಿರುಗಿಸಿದರೂ ಅವನ ತಪ್ಪು. ಹೊಟ್ಟೆ ತುಂಬ ಉಂಡು ಗಡದ್ದಾಗಿ ಮಲಗಿತೋ, ‘ಇವತ್ತ ಅಂವ ಮನ್ಯಾಗ ಇದ್ದಿಲ್ಲ ನೋಡ, ಅದಕ್ಕ’ ಎಂಬ ಷರಾ.

ಮಗುವಿನ ಹೆಸರು ಚೇತನಕುಮಾರ. ವಯಸ್ಸು ಎಂಟು ತಿಂಗಳು. ಮನೆಯೊಳಗಿನ ಅಧಿಕೃತ ಉಡುಪು, ಒಂದು ಉಡಿದಾರ. (ಇಷ್ಟು ಉದ್ದದ ಹೆಸರನ್ನು ಇಷ್ಟು ಮೋಟು ಉಡುಪಿನವನಿಗೆ ಇಟ್ಟವನು ಶಶಿಕಾಂತನೇ, ಅದಾದರೂ ನಿಜವಾಗಿ ಅವನದೇ ತಪ್ಪು.) ಮದುವೆಯಾಗಿ ಒಂಬತ್ತು ವರ್ಷ ಕಾದು, ಕದರಮಂಡಲಗಿಯ ಆಂಜನೇಯನಿಗೆ ಹರಕೆ ಹೊತ್ತು, ಕೂದಲು ನರೆಯುವ ಹೊತ್ತಿಗೆ ಕೈಗೆ ಬಂದ ಮಗ. ಹೀಗಾಗಿ ಶಶಿಕಾಂತನಿಗೆ ಅವನನ್ನು ನೋಡಿದಷ್ಟೂ ಸಾಲದು. ಅಂಗಡಿಯಿಂದ ಬಂದವನೇ ಗೋಡೆಗೆ ಒರಗಿ ಕುಳಿತು ಮಗನನ್ನು ನೋಡುವುದೇ ಅವನ ಮನರಂಜನೆ, ಅದೇ ಅವನ ಸತ್ಸಂಗ. ಈ ನೋಟವೇ ಮುಂದೆ ಅಪರಾಧವಾಗುತ್ತದೆಂದು ಅವನಿಗಾದರೂ ಏನು ಗೊತ್ತು?

ಶಶಿಕಾಂತನದು ಮೆಣಸಿನಕಾಯಿ ವ್ಯಾಪಾರ. ಅದರಲ್ಲೂ ಡಬ್ಬಿ ಕಾಯಿ. ದಪ್ಪಗೆ, ಸುಕ್ಕುಸುಕ್ಕಾಗಿ, ಕೆಂಪೆಂದರೆ ಹೀಗಿರಬೇಕು ಎನ್ನುವ ಹಾಗಿರುವ ಈ ಕಾಯಿಗೆ ಬಣ್ಣ ಎಷ್ಟು ಹೆಚ್ಚೋ ಖಾರ ಅಷ್ಟು ಕಡಿಮೆ. “ಇದು ಸಜ್ಜನ ಕಾಯಿ ನೋಡ್ರಿ, ಯಾರಿಗೂ ತ್ರಾಸ ಕೊಡೂದಿಲ್ಲ” ಎಂದು ಅವನು ಗಿರಾಕಿಗಳ ಮುಂದೆ ಅದರ ಗುಣಗಾನ ಮಾಡುತ್ತಿದ್ದ. ಅದನ್ನು ಮಾರುವವನೊಬ್ಬನನ್ನು ಬಿಟ್ಟು, ಎಂದು ಸೇರಿಸಬೇಕಿತ್ತು.

ಯಾಕೆಂದರೆ ಅವನ ತಾಯಿ ಫಕ್ಕೀರವ್ವ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗನಿಗೆ ದೃಷ್ಟಿ ತೆಗೆಯುತ್ತಾಳೆ. ಒಂದು ಹಿಡಿ ಉಪ್ಪು, ಒಂದು ಹಿಡಿ ಒಣಮೆಣಸಿನಕಾಯಿ (ಬೇರೆಯವರ ಮನೆಯಲ್ಲಿ ಎರಡು ಕಾಯಿ ಸಾಕು, ವ್ಯಾಪಾರಿಯ ಮನೆಯಲ್ಲಿ ಬರವೇನು?), ಅದನ್ನು ಕೂಸಿಗೆ ನಿವಾಳಿಸಿ ತೆಂಗಿನ ಕರಟದ ಕೆಂಡಕ್ಕೆ ಹಾಕುವುದು. ಘಾಟು ಎದ್ದು ಮನೆಮಂದಿ ಕೆಮ್ಮಿದರೆ ದೃಷ್ಟಿ ಇಲ್ಲ. ಘಾಟೇ ಬರದಿದ್ದರೆ ದೃಷ್ಟಿ ಬಲವಾಗಿ ತಾಗಿದೆ ಎಂದು ಲೆಕ್ಕ. ಸಜ್ಜನ ಕಾಯಿಗೆ ಘಾಟೆಲ್ಲಿಂದ ಬರಬೇಕು? ಅದು ಕೆಂಡದ ಮೇಲೂ ಮರ್ಯಾದೆಯಿಂದ ಕರ್ರಗಾಗಿ ಸುಮ್ಮನಾಗುತ್ತಿತ್ತು. ಹೀಗಾಗಿ ಫಕ್ಕೀರವ್ವನ ಶಾಸ್ತ್ರದ ಪ್ರಕಾರ, ಹುಟ್ಟಿದಾಗಿನಿಂದ ಚೇತನಕುಮಾರನಿಗೆ ದೃಷ್ಟಿ ತಾಗದ ದಿನವೇ ಇರಲಿಲ್ಲ. ಆರೋಪ ಸಿದ್ಧವಿತ್ತು, ಆರೋಪಿ ಮಾತ್ರ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಒಂದು ಭಾನುವಾರ. ಚೇತನಕುಮಾರ ಒಂದು ಬಟ್ಟಲು ಬೇಳೆ-ಅನ್ನವನ್ನು ಬಾಯಿ ಚಪ್ಪರಿಸಿ ಮುಗಿಸಿದ. ನೋಡುತ್ತ ಕುಳಿತಿದ್ದ ಶಶಿಕಾಂತ, “ಏನ್ ಉಣ್ತಾನಲೇ ನನ್ನ ಹುಲಿ” ಎಂದುಬಿಟ್ಟ. ಸಂಜೆಯ ಹೊತ್ತಿಗೆ ಹುಲಿ ಉಂಡದ್ದನ್ನೆಲ್ಲ ಅಜ್ಜಿಯ ಸೀರೆಗೆ ಮರಳಿಸಿ ರಾಗ ತೆಗೆಯಿತು. ಮೆಣಸಿನಕಾಯಿ ಕೆಂಡಕ್ಕೆ ಬಿದ್ದವು. ಘಾಟಿಲ್ಲ.

“ಯಾರ ಬಂದಿದ್ರ ಇವತ್ತ?” ಫಕ್ಕೀರವ್ವ ಸೊಸೆ ಭುವನಾಳನ್ನು ವಿಚಾರಣೆಗೆ ಕರೆದಳು.

“ಯಾರೂ ಬಂದಿಲ್ರಿ ಅತ್ತಿ.”

“ಯಾರರ ಏನರ ಅಂದ್ರೇನು ಕೂಸಿಗೆ?”

ಭುವನಾ ಗಂಡನ ಕಡೆ ನೋಡಿದಳು. ಹತ್ತು ವರ್ಷದ ಸಂಸಾರದ ನೆನಪಿಗಾದರೂ ಒಂದು ಕ್ಷಣ ಯೋಚಿಸಬಹುದಿತ್ತು, ಯೋಚಿಸಲಿಲ್ಲ. “ಇವ್ರ ಹುಲಿ ಅಂದ್ರು” ಎಂದಳು.

“ನಾ ಅವನ ಅಪ್ಪ ಅದೀನಬೇ” ಎಂದ ಶಶಿಕಾಂತ.

“ಅದಕ್ಕ ಹೇಳೂದು. ಊರ ಮಂದಿ ಕಣ್ಣ ಒಂದ ಹೊತ್ತಿಗೆ ಇಳೀತೈತಿ. ಹಡದಪ್ಪನ ಕಣ್ಣ ಹಂಗ ಇಳೀತದೇನು?”

“ಹಂಗಾದ್ರ ಹಡದಾಕಿ ಕಣ್ಣ ತಾಗೂದಿಲ್ಲೇನು?”

“ಆಕಿಗೆ ನೋಡಾಕ ಪುರಸೊತ್ತ ಎಲ್ಲೈತಿ? ಉಚ್ಚಿ ಬಟ್ಟಿ ಹಿಂಡಾಕಿ ಕಣ್ಣ ತಾಗೂದಿಲ್ಲ. ಕೈ ಕಟ್ಟಿ ಕುಂತ ನೋಡಾಂವನ ಕಣ್ಣ ತಾಗತಾವ.”

ಭುವನಾಳಿಗೆ ಕೂಡಲೇ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಒಳಗಿನಿಂದ ಪಾತ್ರೆಗಳ ಸದ್ದಿನ ನಡುವೆ ನಗೆಯ ಸದ್ದೂ ಕೇಳಿಬಂತು.

ಮರುದಿನ ಮಗುವಿನ ಕೆಳದವಡೆಯಲ್ಲಿ ಅಕ್ಕಿನುಚ್ಚಿನಷ್ಟು ಬೆಳ್ಳಗೆ ಏನೋ ಕಂಡಿತು. ಶಶಿಕಾಂತ ಅದನ್ನು ಸಾಕ್ಷಿಯಾಗಿ ಹಾಜರುಪಡಿಸಿದ. “ನೋಡಬೇ, ಹಲ್ಲಿನ ಸಲುವಾಗಿ ಕಿರಿಕಿರಿ ಮಾಡ್ಯಾನ. ನನ್ನ ಕಣ್ಣಿಗೂ ಅದಕ್ಕೂ ಏನ ಸಂಬಂಧ?”

“ಹಲ್ಲ ಎಲ್ಲಾ ಕೂಸಿಗೂ ಬರತಾವ. ಇಷ್ಟ ತ್ರಾಸ ಕೊಟ್ಟ ಬಂದಾವಂದ್ರ ಯಾರದ ಕಣ್ಣ ಮ್ಯಾಲ ಬಂದಾವ ಅಂತ ತಿಳೀಲಾರದಷ್ಟ ಹುಚ್ಚಿ ಅಲ್ಲ ನಾ.”

ಶಿಕ್ಷೆ ಜಾರಿಯಾಯಿತು. ಮಗು ಉಣ್ಣುವಾಗ ಶಶಿಕಾಂತ ಹೊರಗಿನ ಕಟ್ಟೆಯ ಮೇಲೆ. ಎರೆದುಕೊಳ್ಳುವಾಗ ಹೊರಗೆ. ಆಡುವಾಗ ಹೊರಗೆ. ಮಲಗಿದ ಕೂಸನ್ನು ನೋಡಲೇಬಾರದು, ಅದು ಹಳೆಯ ಕಾನೂನು. “ಮತ್ತ ಯಾವಾಗ ನೋಡ್ಲಿ?” ಎಂದರೆ, “ಅಳೂಮುಂದ ನೋಡ. ಅಳೂ ಕೂಸಿಗೆ ಯಾರ ಕಣ್ಣೂ ತಾಗೂದಿಲ್ಲ” ಎಂಬ ರಿಯಾಯಿತಿ ಸಿಕ್ಕಿತು. ಭುವನಾ ಈ ಕಾನೂನನ್ನು ಮನಃಪೂರ್ವಕವಾಗಿ ಎತ್ತಿಹಿಡಿದಳು. ಮಗು ರಾಗ ತೆಗೆದ ಕೂಡಲೇ, “ರೀ, ಬರ್ರಿ, ಈಗ ನೋಡಬಹುದು” ಎಂದು ತಂದು ತೊಡೆಯ ಮೇಲೆ ಹಾಕಿ ಹೋಗುತ್ತಿದ್ದಳು. ಸುಮ್ಮನಾಗಿ ಒಂದು ನಗೆ ನಕ್ಕಿತೋ, ಬಂದು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಮಗ ಅಂಬೆಗಾಲಿಟ್ಟ ಸುದ್ದಿ ಅಪ್ಪನಿಗೆ ಕಟ್ಟೆಯ ಮೇಲೆ ಕುಳಿತಲ್ಲೇ ತಲುಪಿತು, ರೇಡಿಯೋದಲ್ಲಿ ಕ್ರಿಕೆಟ್ ಕೇಳಿದ ಹಾಗೆ. ಅದನ್ನೂ ಸಹಿಸಬಹುದಿತ್ತು. ಒಂದು ಸಂಜೆ ಮಾತ್ರ ಬೇರೆಯೇ ಆಯಿತು. ಅಜ್ಜಿಯ ಸೊಂಟದ ಮೇಲೆ ನಗುತ್ತ ಹೊರಗೆ ಬಂದ ಚೇತನಕುಮಾರ ಅಪ್ಪನ ಮುಖ ಕಂಡದ್ದೇ ತುಟಿ ಸೊಟ್ಟ ಮಾಡಿ ಅಳತೊಡಗಿದ. ಅವನ ಲೆಕ್ಕ ಅವನಿಗೆ ಸರಿ: ಈ ಮೀಸೆಯ ಮನುಷ್ಯ ಕಾಣಿಸಿಕೊಳ್ಳುವುದೇ ಅಳುವ ಹೊತ್ತಿನಲ್ಲಿ, ಮುಖ ಕಂಡಿತೆಂದರೆ ಅಳುವ ಹೊತ್ತಾಯಿತು. ಮಗ ಇಂದೋ ನಾಳೆಯೋ ಗೋಡೆ ಬಿಟ್ಟು ನಿಲ್ಲುವವನಿದ್ದ. ಅದನ್ನಾದರೂ ಕಣ್ಣಾರೆ ಕಾಣಬೇಕಾದರೆ ತನ್ನ ಕಣ್ಣು ನಿರ್ದೋಷಿಯೆಂದು ಸಾಬೀತಾಗಲೇಬೇಕಿತ್ತು.

ಮೊದಲು ವಿಜ್ಞಾನದ ದಾರಿ ಹಿಡಿದ. “ಅವ್ವಾ, ನಮ್ಮ ಡಬ್ಬಿ ಕಾಯಾಗ ಖಾರ ಇಲ್ಲ. ಸುಟ್ರೂ ಘಾಟು ಏಳೂದಿಲ್ಲ. ಅದು ಕಾಯಿ ಗುಣ, ನನ್ನ ಕಣ್ಣಿನ ಗುಣ ಅಲ್ಲ.”

“ನೀ ಕೂಸಿದ್ದಾಗ ಇದ ಕಾಯಿ ಸುಡತಿದ್ನಿ. ಓಣಿ ಮಂದಿ ಎಲ್ಲಾ ಕೆಮ್ಮತಿದ್ರು.”

“ಅದ್ಹೆಂಗ?”

“ನಿನ್ನ ಯಾರ ನೋಡತಿದ್ರು?”

ವಿಜ್ಞಾನ ಅಲ್ಲಿಗೆ ಮುಗಿಯಿತು.

ಇನ್ನುಳಿದದ್ದು ಅಡ್ಡದಾರಿ. ಪಕ್ಕದ ಮನೆಯ ಮುಸ್ತಾಕ್ ಅವನ ಸಾಲೆಯ ದಿನಗಳ ಗೆಳೆಯ. ಖಾರದಪುಡಿ ಬೀಸುವ ಗಿರಣಿ ಇಟ್ಟಿದ್ದ. ಅವನಲ್ಲಿ ಹೊರಗಿನಿಂದ ಬರುವ ಒಂದು ಹೈಬ್ರಿಡ್ ಕಾಯಿ ಇರುತ್ತಿತ್ತು. ನೋಡಲು ಡಬ್ಬಿ ಕಾಯಿಯ ಖಾಸಾ ತಮ್ಮ, ಅದೇ ಸುಕ್ಕು, ಅದೇ ಕೆಂಪು. ಸ್ವಭಾವದಲ್ಲಿ ಮಾತ್ರ ಫೌಜದಾರ. ಇದನ್ನು ಡಬ್ಬಿ ಕಾಯಿಯಲ್ಲಿ ಕಲಸಿ ಮಾರುವ ಕಳ್ಳರ ಮೇಲೆ ಶಶಿಕಾಂತನಿಗೆ ಎಲ್ಲಿಲ್ಲದ ಸಿಟ್ಟು.

“ಮುಸ್ತಾಕ್, ಆ ಹೊರಗಿನ ಕಾಯಿ ಒಂದ ಅರ್ಧಾ ಕೆಜಿ ಕೊಡಲೇ.”

“ಯಾವ ಬಾಯಿಲೆ ಕೇಳಾಕತ್ತಿ? ಹೋದ ಪ್ಯಾಟಿ ದಿನ, ಇದನ್ನ ಕಲಸಾವ್ರನ್ನ ಕತ್ತೆ ಮ್ಯಾಲ ಕುಂದ್ರಿಸಿ ಮೆರವಣಿಗಿ ಮಾಡಬೇಕಂತ ಭಾಷಣಾ ಮಾಡಿದಿ.”

“ಮಾರಾಕ ಅಲ್ಲೋ. ಮನಿಗೆ.”

“ಮನ್ಯಾಗ ಯಾರಿಗೆ ಕಲಸ್ತಿ?”

“ಅವ್ವಗ.”

ಕತೆಯೆಲ್ಲ ಕೇಳಿ ಮುಸ್ತಾಕ್ ಗಿರಣಿ ಬಂದ್ ಮಾಡಿ ನಕ್ಕ. ಅವನಿಗೂ ಒಂಬತ್ತು ತಿಂಗಳ ಮಗಳಿದ್ದಳು. ಆಕೆಯನ್ನು ಅವನು ಹಗಲೆಲ್ಲ ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದ. ಭಾಗ್ಯವಂತ. “ನೆಪ್ಪಿರಲಿ, ಎರಡ ಕಾಯಿ ಸಾಕ. ಮೂರಾದ್ರ ಕದರಮಂಡಲಗಿ ಮಟಾ ಕೆಮ್ಮತಾರ” ಎಂದು ಕಾಗದದಲ್ಲಿ ಕಟ್ಟಿಕೊಟ್ಟ.

ಶಶಿಕಾಂತ ಅದನ್ನು ಮಗನ ಡೈಪರ್ ಚೀಲದೊಳಗೆ ಅಡಗಿಸಿ ಮನೆಗೆ ಸಾಗಿಸಿದ. ಡಬ್ಬಿ ಕಾಯಿಯ ವ್ಯಾಪಾರಿಯೊಬ್ಬ ತನ್ನ ಮನೆಗೇ ಕಲಬೆರಕೆ ಮಾಲು ತಂದದ್ದು ಬ್ಯಾಡಗಿಯ ಇತಿಹಾಸದಲ್ಲಿ ಅದೇ ಮೊದಲಿರಬೇಕು. ಅವ್ವ ಗುಡಿಗೆ ಹೋದದ್ದನ್ನು ನೋಡಿ, ಆಕೆಯ ಮೆಣಸಿನಕಾಯಿ ಡಬರಿಯನ್ನು ಖಾಲಿ ಮಾಡಿ, ಫೌಜದಾರರನ್ನು ತುಂಬಿಸಿ, ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಬಂದು ಕುಳಿತ. ಎರಡು ಕಾಯಿಯ ಎಚ್ಚರಿಕೆ ಅವನಿಗೆ ನೆನಪಿತ್ತು. ಅವ್ವನ ಹಿಡಿ ಎಷ್ಟು ದೊಡ್ಡದೆಂಬುದು ನೆನಪಾಗಲಿಲ್ಲ.

ಸಂಜೆ ಒಳಗಿನಿಂದ ದನಿ ಕೇಳಿಸಿತು: “ನಾಯಿ ಕಣ್ಣ, ನರಿ ಕಣ್ಣ, ಹೋಗಾವ್ರ ಕಣ್ಣ, ಬರಾವ್ರ ಕಣ್ಣ, ಹಡದಪ್ಪನ ಕಣ್ಣ...” (ಕೊನೆಯದು ಹೊಸ ಸೇರ್ಪಡೆ, ನಾಯಿ ನರಿಗಳ ಪಂಕ್ತಿಯಲ್ಲಿ ತನಗೂ ಒಂದು ಎಲೆ ಹಾಕಿದ್ದಕ್ಕೆ ಶಶಿಕಾಂತ ಮನಸ್ಸಿನಲ್ಲೇ ವಂದಿಸಿದ.) ನಿವಾಳಿಸುವುದು ಮುಗಿದ ಮೇಲೆ ಭುವನಾ ವಾಡಿಕೆಯಂತೆ, ಹೊಗೆ ಬೇಡವೆಂದು, ಮಗುವನ್ನು ಎತ್ತಿಕೊಂಡು ಮಾಳಿಗೆ ಹತ್ತಿದಳು. ಫಕ್ಕೀರವ್ವ ಕೆಂಡಕ್ಕೆ ಹಿಡಿ ಬಿಚ್ಚಿದಳು.

ಮೊದಲು ಹಳೆಯ ಟ್ರ್ಯಾಕ್ಟರು ಚಾಲೂ ಆಗುವ ಹಾಗೆ ಒಂದು ಕೆಮ್ಮು. ಆಮೇಲೆ ಇನ್ನೊಂದು. ತಾಯಿ ಕೆಮ್ಮಿದ್ದಕ್ಕೆ ಇಷ್ಟು ಹಿಗ್ಗಿದ ಮಗ ಮೂರು ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಆದರೆ ಹಿಗ್ಗು ಪೂರ್ತಿಯಾಗುವುದರೊಳಗೆ ನ್ಯಾಯದೇವತೆ ಘಾಟಿನ ರೂಪದಲ್ಲಿ ಬಾಗಿಲು ದಾಟಿ ಕಟ್ಟೆಗೇ ಬಂದಳು. ಶಶಿಕಾಂತನಿಗೆ ಉಸಿರು ಹಿಡಿಯಿತು, ಮೂಗು ಸೋರಿತು. ಕಣ್ಣು ಉರಿಯಿತೆಂದು, ಮಧ್ಯಾಹ್ನ ಕಾಯಿ ತುಂಬಿದ ಅದೇ ಕೈಯಿಂದ ಎರಡೂ ಕಣ್ಣುಗಳನ್ನು ಚೆನ್ನಾಗಿ ಉಜ್ಜಿಕೊಂಡ.

ಓಣಿಯೆಲ್ಲ ಹೊರಬಂತು. ಸ್ಕೂಟರಿನಲ್ಲಿ ಹೊರಟವರು ಇಳಿದು ಕೆಮ್ಮಿದರು. ಮುಸ್ತಾಕನ ತಾಯಿ ಕುಲ್ಸುಮಬಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿ ಬಂದಳು, ಹಿಂದೆಯೇ ಮುಸ್ತಾಕ್. ಮಾಳಿಗೆಯ ಮೇಲಿಂದ ಚೇತನಕುಮಾರ ಈ ಸಾಮೂಹಿಕ ಕಾರ್ಯಕ್ರಮವನ್ನು ನೋಡಿ ಕೇಕೆ ಹಾಕಿ ನಗುತ್ತಿದ್ದ.

ಫಕ್ಕೀರವ್ವ ಕಣ್ಣು ಮೂಗು ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. ಮುಖದಲ್ಲಿ ಗೆಲುವೋ ಗೆಲುವು. “ಘಾಟು ಬಂತು. ಕೂಸಿನ ಮ್ಯಾಲ ಈಗ ಏನೂ ಇಲ್ಲ.”

“ನಾ ಹೇಳಿದ್ದಿಲ್ಲೇನಬೇ,” ಕೆಮ್ಮಿನ ನಡುವೆ ಶಶಿಕಾಂತ ವಾದ ಮಂಡಿಸಿದ. “ನನ್ನ ಕಣ್ಣ ತಾಗಿಲ್ಲ.”

“ಹೆಂಗ ತಾಗತೈತಿ? ತಿಂಗಳಿಂದ ನಗೂ ಕೂಸನ್ನ ನೀ ನೋಡೇ ಇಲ್ಲಲ್ಲ. ಹೊರಗ ಕುಂದ್ರಿಸಿದ್ದ ಖರೇನ ಗುಣಾ ಕೊಟ್ತು.”

ಈ ದಿಕ್ಕಿನಿಂದ ಶಶಿಕಾಂತ ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಕುಲ್ಸುಮಬಿ ಅವನ ಮುಖವನ್ನು ಹತ್ತಿರದಿಂದ ನೋಡಿದಳು. “ಅಕ್ಕಾ, ಇಲ್ಲಿ ನೋಡ್ರಿ. ಎಲ್ಲಾರ ಕಣ್ಣಾಗ ಬರೇ ನೀರ ಬಂದಾವ. ಶಶಿ ಕಣ್ಣ ಅಷ್ಟ ಟೊಮೆಟೊ ಆಗ್ಯಾವ.”

“ಕಣ್ಣ ಹಾಕಿದವರಿಗೇ ತಿರಗ್ಯಾವ ತಗೋ” ಎಂದು ಫಕ್ಕೀರವ್ವ ತೀರ್ಪಿಗೆ ಮುದ್ರೆ ಒತ್ತಿದಳು. “ಕೂಸಿನ ಜಾವಳ ಕೂದಲ ತೆಗಸೂ ಮಟಾ ಕಟ್ಟಿ ಬಿಟ್ಟ ಏಳಬ್ಯಾಡ.”

“ಅವ್ವಾ, ಅದು ನಾನ ಕಾಯಿ...” ಎಂದು ಶಶಿಕಾಂತ ಬಾಯಿಬಿಡುವಷ್ಟರಲ್ಲಿ ಮುಸ್ತಾಕ್ ಪಕ್ಕೆಗೆ ತಿವಿದು ಪಿಸುಗುಟ್ಟಿದ. “ಹೇಳ. ನಾಳೆ ಮುಂಜಾನಿ ಮಾರ್ಕೆಟ್ಟಿನ ತುಂಬ ‘ಶಶಿಕಾಂತ ಕಲಬೆರಕಿ ಮಾಡತಾನ’ ಅಂತ ಆಗತೈತಿ. ಕತ್ತೆ ನಾ ತರಲ್ಯಾ?”

ಶಶಿಕಾಂತ ಉಳಿದದ್ದನ್ನು ಕೆಮ್ಮಿ ಮುಗಿಸಿದ. ಕುಲ್ಸುಮಬಿ ಮಾತ್ರ ತನ್ನ ಮಗನನ್ನೇ ದಿಟ್ಟಿಸುತ್ತಿದ್ದಳು. “ಅಕ್ಕಾ, ನಮ್ಮ ಕೂಸೂ ಮೂರ ದಿನದಿಂದ ಸರಿಯಾಗಿ ಉಣವಲ್ದು. ಈ ಮುಸ್ತಾಕ್ ಹಗಲೆಲ್ಲಾ ಹೆಗಲ ಮ್ಯಾಲ ಹೊತಗೊಂಡ ನೋಡಿದ್ದ ನೋಡಿದ್ದ.”

“ಹೊರಗ ಕುಂದ್ರಸವ್ವಾ. ನಿನ್ನ ಎದರಿಗೇ ಗುಣಾ ಕಂಡಿಯಲ್ಲ” ಎಂದಳು ಫಕ್ಕೀರವ್ವ.

ಮರುದಿನ ಸಂಜೆ ಒಂದೇ ಕಟ್ಟೆಯ ಮೇಲೆ ಇಬ್ಬರು ಅಪ್ಪಂದಿರು ಬಾಗಿಲಿಗೆ ಬೆನ್ನು ಮಾಡಿ ಗಟಾರ ನೋಡುತ್ತ ಕುಳಿತಿದ್ದರು. ಮುಸ್ತಾಕ್ ಮಾತು ಬಿಟ್ಟಿದ್ದ. ಒಳಗಿನಿಂದ ಭುವನಾಳ ದನಿ ಬಂತು: “ಅತ್ತಿ, ಲಗೂ ಬರ್ರಿ, ಗ್ವಾಡಿ ಬಿಟ್ಟ ನಿಂತಾನ.”

ಶಶಿಕಾಂತ ಅರ್ಧ ಎದ್ದವನು ಮತ್ತೆ ಕುಳಿತ. ತಿರುಗುವಂತಿಲ್ಲ. ಮೊಬೈಲ್ ತೆಗೆದು, ಸೆಲ್ಫಿ ತೆಗೆಯುವವನಂತೆ ಮುಖದ ಮುಂದೆ ಹಿಡಿದ. ಪರದೆಯಲ್ಲಿ ಎರಡು ಬಾತ ಮುಖಗಳು; ಅವುಗಳ ನಡುವೆ ಬಾಗಿಲು; ಬಾಗಿಲೊಳಗೆ, ಎರಡು ಗೇಣಿನ ಒಬ್ಬ ಮನುಷ್ಯ, ಎರಡೂ ಕೈ ಮೇಲೆತ್ತಿ, ಯಾರ ಆಸರೆಯೂ ಇಲ್ಲದೆ ತೂಗಾಡುತ್ತ ನಿಂತಿದ್ದ. ಶಶಿಕಾಂತನ ಉರಿಗಣ್ಣಿನಲ್ಲಿ ಹೊಸ ನೀರು ಬಂತು. ಮಗ ಮುಂದೆ ನೋಡಿದ, ಫಳಫಳ ಹೊಳೆಯುವ ಪರದೆ ಕಂಡು ನಕ್ಕ, ಧೊಪ್ಪನೆ ಕುಂಡಿಯ ಮೇಲೆ ಕೂತ.

“ಯಾರ ನೋಡಿದ್ರ ಈಗ?” ಫಕ್ಕೀರವ್ವನ ದನಿ.

“ಮೊಬೈಲಿನಾಗ ನೋಡ್ಯಾನ್ರಿ ದೊಡ್ಡವ್ವಾ” ಎಂದ ಮುಸ್ತಾಕ್, ಗಟಾರದಿಂದ ಕಣ್ಣು ಕೀಳದೆ. ನಿನ್ನೆಯಿಂದ ಅವನು ಆಡಿದ ಮೊದಲ ಮಾತು ಅದು.

ಫಕ್ಕೀರವ್ವ ಹೊರಗೆ ಬಂದು ಕೈ ಚಾಚಿದಳು. ಶಶಿಕಾಂತ ಮೊಬೈಲ್ ಕೊಟ್ಟ. ಅದು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅದರಲ್ಲಿ ಯಾವುದೋ ಕೋಳಿಮರಿಯ ಹಾಡು ಶುರುವಾಯಿತು, ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿತು, ಬಾಯಿ ಚಪ್ಪರಿಸುವ ಸದ್ದೂ.

“ನೋಡವಾ ಭುವನಾ, ಮೊಬೈಲ ಮುಂದಿಟ್ರ ಹೆಂಗ ಗಪಗಪ ಉಣ್ಣಾಕತ್ತಾನ” ಎನ್ನುತ್ತಿದ್ದಳು ಫಕ್ಕೀರವ್ವ. “ದಿನಾ ಇದನ್ನ ಇವನ ಮುಂದ ಕುಂದ್ರಿಸಿಬಿಡೂನು. ಪಾಪ, ಇದಕ್ಕೇನ ಕಣ್ಣಿಲ್ಲ ಮೂಗಿಲ್ಲ.”