ಏಳು ದಾಟದ ಹುಳಿ

ದೇವರು ನಾಲಿಗೆ ಕೊಟ್ಟಿರುವಾಗ ಹುಳಿಯನ್ನು ಲೆಕ್ಕ ಹಾಕಿ ಯಾಕೆ ತಿಳಿಯಬೇಕು ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು; ಅದರಲ್ಲೂ ಪಾಠ ಕಲಿತದ್ದಕ್ಕಿಂತ ಮೇಷ್ಟ್ರ ಮನೆಯ ಹುಣಸೆಹಣ್ಣು ಬಿಡಿಸಿದ್ದೇ ಹೆಚ್ಚು. ಆ ವಿದ್ಯೆಯಲ್ಲೇ ಐವತ್ತು ವರ್ಷ ಸಾರು ಮಾಡಿದ್ದೇನೆ. ಹುಳಿ ಹೆಚ್ಚಾಯಿತೆಂದು ಯಾರೂ ಹೇಳಲಿಲ್ಲ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಎಂಬುದು ಬೇರೆ ಮಾತು.

ಮೊಮ್ಮಗಳು ಸಹನಾ ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದರಲ್ಲೇ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದ್ದಳು. ಈ ಸಲವೂ ಹೋದರೆ ಓದು ಬಿಡಿಸಿ ಬಸವಾಪಟ್ಟಣದ ಬಟ್ಟೆ ಅಂಗಡಿಗೆ ಸೇರಿಸುತ್ತೇನೆಂದು ಅವಳಪ್ಪ ಹೇಳಿಬಿಟ್ಟಿದ್ದ. ಹೇಳಿದ್ದನ್ನು ಮಾಡುವವನೇ ಅವನು. ಹಟದಲ್ಲಿ ನನ್ನ ಮಗ. ಹುಡುಗಿ ಬಂದು ಕೈಮುಗಿದಳು: “ಅಜ್ಜೀ, ಪರೀಕ್ಷೆ ಮುಗಿಯೋ ತನಕ ಅಮ್ಮನ ಕೂಡ ಜಗಳ ಆಡಬ್ಯಾಡ. ಓದಾಕೆ ಆಗಲ್ಲ.” ಒಪ್ಪಿದೆ. ಹದಿನೈದು ದಿನ ಸೊಸೆಯ ಅಡುಗೆಯ ಬಗ್ಗೆ ತುಟಿ ಬಿಚ್ಚದೆ ಎಲೆ ಅಡಿಕೆ ಜಗಿದೆ. ನುಂಗಿಕೊಂಡ ಮಾತು ಎಷ್ಟಿತ್ತೋ, ಸುಣ್ಣದ ಡಬ್ಬಿ ಎರಡು ಖಾಲಿಯಾದವು.

ಬಾಯಿ ಸುಮ್ಮನಿದ್ದರೆ ಕಿವಿ ಚುರುಕಾಗುತ್ತದೆ. ಅವಳು ಜಗಲಿಯಲ್ಲಿ ಗಟ್ಟಿಯಾಗಿ ಓದುವುದನ್ನು ಕೇಳಿ ಕೇಳಿ ಪಿಎಚ್ ಎಂಬುದು ನನಗೂ ಅರ್ಧ ಬಂತು. ಏಳು ಅಂದರೆ ಬರೀ ನೀರು. ಏಳರ ಕೆಳಗೆ ಹುಳಿ, ಮೇಲೆ ನನ್ನ ಸುಣ್ಣ. ನಂಬರು ಇಳಿದಷ್ಟೂ ಹುಳಿ ಏರುತ್ತದಂತೆ! ಇಂಥ ಉಲ್ಟಾ ಲೆಕ್ಕ ಕಟ್ಟಿದವನ ಮನೆಯಲ್ಲಿ ಊಟ ಆದಮೇಲೆ ಬಾಳೆಎಲೆ ಹಾಸುತ್ತಿದ್ದರೋ ಏನೋ.

ಪರೀಕ್ಷೆಗೆ ಎರಡು ದಿನವಿತ್ತು. ಸಹನಾ ಒಂದು ಲೆಕ್ಕ ಮುಗಿಸಿ “ಎಂಟು ಬಂತು!” ಎಂದು ಕುಣಿದಳು.

“ಏನೇ ಅದು?”

“ಆಸಿಡ್ಡು ಅಜ್ಜಿ. ಸಿಕ್ಕಾಪಟ್ಟೆ ನೀರು ಹಾಕಿ ಭಾಳ ತೆಳ್ಳಗೆ ಮಾಡಿದ್ದು.”

“ಆಸಿಡ್ಡು ಅಂದ್ರೆ ಹುಳಿ ತಾನೆ? ಎಂಟು ಹೆಂಗೆ ಬಂತು? ಎಂಟು ಸುಣ್ಣದ ಕಡೇದು.”

“ಫಾರ್ಮುಲಾ ಹಾಕಿದ್ರೆ ಬರೋದೇ ಅದು.”

“ನಿನ್ನ ಫಾರ್ಮುಲಾ ಒಲೆಗೆ ಹಾಕು. ಸೂಳೆಕೆರೆಗೆ ಒಂದು ಚೊಂಬು ಮಜ್ಜಿಗೆ ಹುಯ್ದ್ರೆ ಹುಳಿ ಗೊತ್ತಾಗದೇ ಹೋಗಬೌದು. ಕೆರೆ ಸುಣ್ಣದ ನೀರು ಆಗ್ತೈತೇನೇ?”

ಹುಡುಗಿ ಪುಸ್ತಕ ತಿರುವಿದಳು. “ಅಯ್ಯೋ, ನೀರಿಗೂ ತನ್ನದೇ ಅಂತ ಒಂಚೂರು ಹುಳಿ ಐತೆ ಅಜ್ಜಿ. ಅದನ್ನ ಕೂಡ್ಸಾದೇ ಮರ್ತಿದ್ದೆ” ಎಂದು ಮತ್ತೆ ಕೂತು ಆರು ಪಾಯಿಂಟ್ ಒಂಬತ್ತೆಂಟು ತಂದಳು. ಏಳಕ್ಕೆ ಕೂದಲೆಳೆಯಷ್ಟು ಕಡಿಮೆ. ಎಷ್ಟು ನೀರು ಹುಯ್ದರೂ ಹುಳಿ ತನ್ನ ಜಾತಿ ಬಿಡಲಿಲ್ಲ.

ಪರೀಕ್ಷೆಯಲ್ಲಿ ಅದೇ ತರಹದ ಲೆಕ್ಕ ಬಂದು ಹುಡುಗಿ ದಡ ಹತ್ತಿದಳು. ಬಟ್ಟೆ ಅಂಗಡಿ ತಪ್ಪಿತು. ಪಾಸು ಮಾಡಿಸಿದ್ದು ನಾನೇ ಎಂದು ಬೀದಿಗೆಲ್ಲ ಹೇಳಿ ಬಂದು ಊಟಕ್ಕೆ ಕೂತೆ. ಸೊಸೆ ಹೋಳಿಗೆ ಮಾಡಿದ್ದಳು. ಚೆನ್ನಾಗಿತ್ತು. ನೆಟ್ಟಗೆ ಹೊಗಳಬೇಕೆಂದೇ ಬಾಯಿ ತೆರೆದೆ:

“ಪರವಾಗಿಲ್ಲ ಕಣಮ್ಮ, ನಿಮ್ಮವ್ವ ಕಲಿಸದಿದ್ರೂ ಹೋಳಿಗೆ ಮಾಡಾಕೆ ಕಲ್ತಿದೀಯ.”

ಸಹನಾ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: “ಆರು ಪಾಯಿಂಟ್ ಒಂಬತ್ತೆಂಟು, ಅಮ್ಮ.”

ಸೈನ್ಸು ಓದದ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಂದರೆ ನನ್ನ ನಾಲಿಗೆಯ ಬಗ್ಗೆ ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದರು. ಬೈಯೋಣವೆಂದರೆ, ಮಜ್ಜಿಗೆ ಚೊಂಬು ಹಿಡಿದು ಆ ಪಾಠ ಹೇಳಿಕೊಟ್ಟವಳು ನಾನೇ. ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಉಂಡೆ.